ಓದುಗರ ಪ್ರಶ್ನೆ: ಮೂಳೆಯ ಆರೈಕೆ ಎಲ್ಲಿಂದ ಶುರು?

ಈ ಸಲ ಬಂದ ಪತ್ರಗಳಲ್ಲಿ ಮೂಳೆ, ಕೀಲಿನ ಪ್ರಶ್ನೆಗಳೇ ಜಾಸ್ತಿ. ನಾಲ್ಕನ್ನು ತೆಗೆದುಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ, ಯಾಕೆಂದರೆ ಈ ವಿಷಯದ ಬೇರು ಇರುವುದೇ ಅಲ್ಲಿ.

ಡಾಕ್ಟರ್ ಮೇಡಂ, ನನ್ನ ಸೊಸೆಗೆ ನಾಲ್ಕು ತಿಂಗಳು ತುಂಬಿದೆ. ಆಸ್ಪತ್ರೆಯಲ್ಲಿ ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟಿದ್ದಾರೆ. ಅದನ್ನು ತಿಂದರೆ ಮಗುವಿನ ತಲೆ ಗಟ್ಟಿಯಾಗಿ ಹೆರಿಗೆ ಕಷ್ಟ ಆಗುತ್ತದೆ ಅಂತ ಅಕ್ಕಪಕ್ಕದವರು ಹೇಳುತ್ತಾರೆ. ಮಗು ಹುಟ್ಟಿದ ಮೇಲೆ ಚೆನ್ನಾಗಿ ಹಾಲು ಕುಡಿಸಿದರೆ ಸಾಲದೇ?
— ಕೋಥ್ರುಡ್, ಪುಣೆ

ಅಮ್ಮಾ, ಮಾತ್ರೆ ನಿಲ್ಲಿಸಬೇಡಿ. ಮಗುವಿನ ತಲೆಬುರುಡೆಯ ಮೂಳೆಗಳ ನಡುವೆ ಮೆತ್ತನೆಯ ಬೆಸುಗೆ ಇರುತ್ತದೆ, ಹೆರಿಗೆಯ ಹೊತ್ತಿನಲ್ಲಿ ಅವು ಒಂದರ ಮೇಲೊಂದು ಸ್ವಲ್ಪ ಜರುಗುತ್ತವೆ. ತಾಯಿ ತಿಂದ ಮಾತ್ರೆಯಿಂದ ಆ ಬೆಸುಗೆ ಕಲ್ಲಾಗುವುದಿಲ್ಲ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಬಸುರಿಯರಿಗೆ ಈ ಮಾತ್ರೆ ಕೊಟ್ಟರೆ ಬಿ.ಪಿ. ಏರಿ ಅಪಾಯ ಆಗುವುದು ತಗ್ಗುತ್ತದೆ. ಆ ಒಂದೇ ಕಾರಣಕ್ಕೂ ತಿನ್ನಬೇಕು.

ಈಗ ಮೂಳೆಯ ಮಾತು. ತುಂಬು ತಿಂಗಳಿಗೆ ಹುಟ್ಟಿದ ಮಗುವಿನ ಮೈಯಲ್ಲಿ ಸುಮಾರು 30 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ ಬಹುಪಾಲು ಕೊನೆಯ ಮೂರು ತಿಂಗಳಲ್ಲಿ ತಾಯಿಯಿಂದ ಹೋದದ್ದು. ಇದಕ್ಕಾಗಿ ತಾಯಿಯ ಕರುಳು ಊಟದಿಂದ ಹೀರುವ ಕ್ಯಾಲ್ಸಿಯಂ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆದರೆ ತಟ್ಟೆಯಲ್ಲಿ ಇದ್ದರೆ ತಾನೇ ಹೀರುವುದು?

ಈ ವಿಷಯದಲ್ಲಿ ಜಗತ್ತೇ ಓದುವ ಒಂದು ಕೆಲಸ ನಡೆದದ್ದು ನಿಮ್ಮ ಪುಣೆಯ ಪಕ್ಕದಲ್ಲೇ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಅವರ ತಂಡ 1993ರಲ್ಲಿ ಪುಣೆ ಸುತ್ತಲಿನ ಆರು ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಬೆನ್ನು ಹತ್ತಿದರು. ಬಸುರಿಯಾಗಿದ್ದಾಗ ಅವರು ಏನು ತಿಂದರು, ಎಷ್ಟು ದುಡಿದರು ಅಂತೆಲ್ಲ ಬರೆದಿಟ್ಟರು, ಆಮೇಲೆ ಹುಟ್ಟಿದ ಮಕ್ಕಳನ್ನು ವರ್ಷ ವರ್ಷ ನೋಡಿಕೊಂಡು ಬಂದರು. ಮಕ್ಕಳಿಗೆ ಆರು ವರ್ಷ ಆದಾಗ ಡೆಕ್ಸಾ ಎಂಬ ಸ್ಕ್ಯಾನ್‌ನಲ್ಲಿ ಮೂಳೆ ಅಳೆದರು. ಬಸುರಿಯಲ್ಲಿ ಹಾಲು, ಬೇಳೆ, ಸೊಪ್ಪು, ಹಣ್ಣು, ಮಾಂಸ-ಮೀನು ಇಂಥದ್ದನ್ನು ಮತ್ತೆ ಮತ್ತೆ ತಿಂದ ತಾಯಂದಿರ ಮಕ್ಕಳ ಮೂಳೆ, ಅದರಲ್ಲೂ ಬೆನ್ನುಮೂಳೆ, ಹೆಚ್ಚು ತುಂಬಿಕೊಂಡಿತ್ತು. ಏಳನೇ ತಿಂಗಳ ಹೊತ್ತಿಗೆ ರಕ್ತದಲ್ಲಿ ಫೋಲೇಟ್ ಎಂಬ ಬಿ ವಿಟಮಿನ್ ಚೆನ್ನಾಗಿದ್ದ ತಾಯಂದಿರ ಮಕ್ಕಳದ್ದೂ ಹಾಗೇ. ಇದನ್ನು 2006ರಲ್ಲಿ ಪ್ರಕಟಿಸಿದರು. ಅದೇ ಅಧ್ಯಯನದಲ್ಲಿ ಅಪ್ಪನ ಮೂಳೆಗೂ ಮಗುವಿನ ಮೂಳೆಗೂ ಸಂಬಂಧ ಕಂಡಿತ್ತು, ಅದಕ್ಕೇ ಎಲ್ಲವನ್ನೂ ತಾಯಿಯ ತಲೆಗೆ ಕಟ್ಟಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಇದು ಸಂಬಂಧ ಮಾತ್ರ, ಊಟದಿಂದಲೇ ಹಾಗಾಯಿತು ಎನ್ನಲಾಗದು. ಹಾಲು-ಸೊಪ್ಪು ತಿನ್ನುವ ಮನೆಯಲ್ಲಿ ಬೇರೆ ಅನುಕೂಲಗಳೂ ಇರುತ್ತವೆ ಅಲ್ವಾ? ವಿಟಮಿನ್ ಡಿ ವಿಷಯದಲ್ಲಿ ಈ ಎಳೆದಾಟ ಚೆನ್ನಾಗಿ ಕಾಣುತ್ತದೆ. ಬಸುರಿಯಲ್ಲಿ ವಿಟಮಿನ್ ಡಿ ಕಡಿಮೆ ಇದ್ದವರ ಮಕ್ಕಳ ಮೂಳೆ ಒಂಬತ್ತನೇ ವಯಸ್ಸಿನಲ್ಲಿ ಕಮ್ಮಿ ಇತ್ತು ಎಂದು ಇಂಗ್ಲೆಂಡಿನ ಸೌತಾಂಪ್ಟನ್ ತಂಡ 2006ರಲ್ಲಿ ಹೇಳಿತು. ಬ್ರಿಸ್ಟಲ್‌ನವರು ಅದಕ್ಕಿಂತ ತುಂಬಾ ದೊಡ್ಡ ಗುಂಪನ್ನು ನೋಡಿ 2013ರಲ್ಲಿ ಅಂಥ ಸಂಬಂಧವೇ ಇಲ್ಲ ಎಂದರು. ಆಮೇಲೆ ಬಸುರಿಯರಿಗೆ ದಿನಕ್ಕೆ 1000 ಯೂನಿಟ್ ವಿಟಮಿನ್ ಡಿ ಕೊಟ್ಟೇ ನೋಡಿದ ಪ್ರಯೋಗದಲ್ಲಿ ಎಲ್ಲ ಮಕ್ಕಳನ್ನೂ ಸೇರಿಸಿದರೆ ವ್ಯತ್ಯಾಸ ಕಾಣಲಿಲ್ಲ, ಚಳಿಗಾಲದಲ್ಲಿ ಹುಟ್ಟಿದ ಮಕ್ಕಳಲ್ಲಿ ಮಾತ್ರ ಮೂಳೆ ಜಾಸ್ತಿ ತುಂಬಿತ್ತು. ಅಂದರೆ ಬಿಸಿಲೇ ಇಲ್ಲದಾಗ ಮಾತ್ರೆ ಕೆಲಸಕ್ಕೆ ಬಂತು. ನಮ್ಮಲ್ಲಿ ಬಿಸಿಲಿಗೆ ಬರವಿಲ್ಲ, ಆದರೂ ಮೈಸೂರಿನ ಆಸ್ಪತ್ರೆಯೊಂದರಲ್ಲಿ ನೋಡಿದಾಗ ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಈ ವಿಟಮಿನ್ ಕಮ್ಮಿಯೇ ಇತ್ತು.

ಇನ್ನು ನಿಮ್ಮ ಅಡುಗೆಮನೆ. ಕ್ಯಾಲ್ಸಿಯಂ ಮಾತ್ರೆಯನ್ನು ಊಟದ ಜೊತೆ ಕೊಡಿ, ಕಬ್ಬಿಣದ ಮಾತ್ರೆಯನ್ನು ಕನಿಷ್ಠ ಎರಡು ಗಂಟೆ ಬಿಟ್ಟು ಕೊಡಿ. ಒಟ್ಟಿಗೆ ನುಂಗಿದರೆ ಕಬ್ಬಿಣ ಸರಿಯಾಗಿ ಹತ್ತುವುದಿಲ್ಲ. ರಾಗಿ, ಅಲ್ಲಿಯವರ ನಾಚಣಿ, 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಕೊಡುತ್ತದೆ. ಮೊಳಕೆ ಬರಿಸಿ, ಒಣಗಿಸಿ ಬೀಸಿದ ಹಿಟ್ಟಾದರೆ ಇನ್ನೂ ಚೆನ್ನಾಗಿ ಹತ್ತುತ್ತದೆ. ಅಂಬಲಿ ಮಾಡಿ ಮಜ್ಜಿಗೆ ಬೆರೆಸಿ ಕೊಡಿ, ಸಿಪ್ಪೆ ತೆಗೆದ ಬಿಳಿ ಎಳ್ಳಿನ ಬದಲು ಸಿಪ್ಪೆ ಇರುವ ಎಳ್ಳಿನ ಚಟ್ನಿಪುಡಿ ಮಾಡಿ. ಪಾಲಕ್ ಒಂದನ್ನೇ ನಂಬಬೇಡಿ, ಅದರಲ್ಲಿ ಕ್ಯಾಲ್ಸಿಯಂ ಇದ್ದರೂ ಮೈಗೆ ಸಿಗುವುದು ತೀರಾ ಸ್ವಲ್ಪ. ಮತ್ತೆ, ಸೊಸೆ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ತಿನ್ನುವ ಪದ್ಧತಿ ನಿಮ್ಮ ಮನೆಯಲ್ಲಿ ಇದ್ದರೆ ಇವತ್ತೇ ಬಿಡಿಸಿ. ನೀವೇ ಪತ್ರ ಬರೆದು ಕೇಳಿದ್ದೀರಿ ಅಂದರೆ ಆ ಕಾಳಜಿ ನಿಮ್ಮಲ್ಲಿದೆ.

ಇನ್ನೊಂದು ಸಂಗತಿ, ಇದು ಮದುವೆಯಾಗಿ ಇನ್ನೂ ಬಸುರಿಯಾಗದವರಿಗೆ. ಮುಂಬೈ ಕೊಳೆಗೇರಿಗಳಲ್ಲಿ 2006ರಿಂದ ನಡೆದ ಒಂದು ಪ್ರಯೋಗದಲ್ಲಿ ಹೆಣ್ಣುಮಕ್ಕಳಿಗೆ ದಿನಾ ಸೊಪ್ಪು, ಹಣ್ಣು, ಹಾಲು ಹಾಕಿದ ತಿಂಡಿ ಕೊಟ್ಟರು. ಎಲ್ಲರನ್ನೂ ಸೇರಿಸಿ ನೋಡಿದರೆ ಮಕ್ಕಳ ಹುಟ್ಟುತೂಕದಲ್ಲಿ ಫರಕು ಕಾಣಲಿಲ್ಲ. ಬಸುರಿಯಾಗುವ ಮೂರು ತಿಂಗಳಿಗೂ ಮೊದಲೇ ತಿನ್ನಲು ಶುರು ಮಾಡಿದವರ ಮಕ್ಕಳ ತೂಕ ಮಾತ್ರ ಸ್ವಲ್ಪ ಏರಿತ್ತು.

ನಮ್ಮ ಅಮ್ಮ ಬಾಣಂತನಕ್ಕೆ ಉಡುಪಿಯಿಂದ ಬಂದಿದ್ದಾರೆ. ಎರಡು ತಿಂಗಳ ಮಗಳಿಗೆ ಎಣ್ಣೆ ಸ್ನಾನ ಆದ ಮೇಲೆ ಕಾಲು ನೇರ ಮಾಡಿ ಹಳೆ ಸೀರೆಯಲ್ಲಿ ಬಿಗಿಯಾಗಿ ಸುತ್ತುತ್ತಾರೆ. ಇಲ್ಲದಿದ್ದರೆ ಕಾಲು ಸೊಟ್ಟ ಆಗುತ್ತದಂತೆ. ಹೌದಾ?
— ಡೊಂಬಿವಿಲಿ

ಇಲ್ಲ. ಎಳೆ ಮಗುವಿನ ಕಾಲು ಸ್ವಲ್ಪ ಬಾಗಿರುವುದೇ ಸಹಜ, ನಡೆಯಲು ಕಲಿತ ಮೇಲೆ ತಾನೇ ಸರಿಯಾಗುತ್ತದೆ. ಬಿಗಿಯಾಗಿ ನೇರ ಕಟ್ಟಿದರೆ ಆಗುವ ತೊಂದರೆ ಬೇರೆ. ಎಳೆಗೂಸಿನ ಸೊಂಟದ ಕೀಲಿನಲ್ಲಿ ಬಟ್ಟಲು ಇನ್ನೂ ಆಳವಾಗಿರುವುದಿಲ್ಲ, ತೊಡೆಮೂಳೆಯ ಗುಂಡು ತಲೆ ಅದರೊಳಗೆ ಕೂತು ಅಲುಗಾಡುತ್ತಾ ಇದ್ದರೇ ಆ ಬಟ್ಟಲು ಆಳವಾಗುವುದು. ಕಾಲು ನೇರ ಎಳೆದು ಕಟ್ಟಿದಾಗ ಆ ತಲೆ ಅಂಚಿಗೆ ಜಾರುತ್ತದೆ. ಜಪಾನಿನಲ್ಲಿ 1970ರ ದಶಕದಲ್ಲಿ ಮಕ್ಕಳ ಕಾಲನ್ನು ಹೀಗೆ ನೇರ ಮಾಡಿ ಇಡಬೇಡಿ ಎಂದು ಮನೆಮನೆಗೆ ತಿಳಿಸಿದರು, ಕೀಲು ತಪ್ಪುವ ಮಕ್ಕಳ ಸಂಖ್ಯೆ ತುಂಬಾ ಇಳಿದುಹೋಯಿತು.

ಅಮ್ಮನ ಜೊತೆ ಜಗಳ ಬೇಡ. ಸೀರೆ ಸುತ್ತಲಿ, ಎದೆಯವರೆಗೆ ಬೇಕಾದರೆ ಸ್ವಲ್ಪ ಬಿಗಿಯಾಗಿಯೇ ಇರಲಿ. ಸೊಂಟದ ಕೆಳಗೆ ಬಟ್ಟೆ ಸಡಿಲ ಬಿಡಿ, ಒಳಗೇ ಮಗು ಮೊಣಕಾಲು ಮಡಚಿ ಹೊರಗೆ ಚಾಚುವಷ್ಟು ಜಾಗ ಇರಬೇಕು. ಕತ್ತು ನಿಂತ ಮೇಲೆ ನಮ್ಮ ಹಳ್ಳಿಗಳಲ್ಲಿ ಮಾಡುವ ಹಾಗೆ ಕಾಲು ಎರಡು ಕಡೆ ಹಾಕಿ ಸೊಂಟದ ಮೇಲೆ ಎತ್ತಿಕೊಳ್ಳಿ, ಕೀಲಿಗೆ ಅದಕ್ಕಿಂತ ಒಳ್ಳೆಯ ಭಂಗಿ ಇಲ್ಲ.

ಹೆಣ್ಣುಮಗು ಅಂದಿದ್ದೀರಿ, ಅದಕ್ಕೇ ಕೇಳುತ್ತೇನೆ. ಮಗು ಹೊಟ್ಟೆಯಲ್ಲಿ ಕುಂಡೆ ಕೆಳಗಾಗಿ ಇತ್ತಾ? ಮನೆಯಲ್ಲಿ ಯಾರಿಗಾದರೂ ಹುಟ್ಟಿನಿಂದ ಸೊಂಟದ ಕೀಲು ತಪ್ಪಿತ್ತಾ? ಹೌದಾದರೆ ಈ ವಾರವೇ ಮಕ್ಕಳ ಡಾಕ್ಟರಿಗೆ ತೋರಿಸಿ ಸೊಂಟದ ಸೋನೋಗ್ರಫಿ ಮಾಡಿಸಿ. ಡಯಾಪರ್ ಬದಲಿಸುವಾಗ ಒಂದು ಕಾಲು ಇನ್ನೊಂದರಷ್ಟು ಅಗಲ ತೆರೆಯದಿದ್ದರೂ ತೋರಿಸಿ. ಈಗ ಗೊತ್ತಾದರೆ ಬೆಲ್ಟಿನಲ್ಲೇ ವಾಸಿಯಾಗುತ್ತದೆ, ನಡೆಯುವಾಗ ಕುಂಟಿದ ಮೇಲೆ ಗೊತ್ತಾದರೆ ಆಪರೇಷನ್.

ಮಗಳಿಗೆ 13 ವರ್ಷ. ಹಾಲು ಮುಟ್ಟುವುದಿಲ್ಲ, ದಪ್ಪ ಆಗುತ್ತೇನೆ ಅಂತ ರಾತ್ರಿ ಊಟ ಬಿಡುತ್ತಾಳೆ. ಶಾಲೆ, ಕ್ಲಾಸು, ಮನೆ ಇಷ್ಟೇ. ವಾರಕ್ಕೊಂದು ವಿಟಮಿನ್ ಡಿ ಸ್ಯಾಶೆ ನಾವೇ ಮೆಡಿಕಲ್‌ನಿಂದ ತಂದು ಕೊಡುತ್ತಿದ್ದೇವೆ. ಸಾಕಾ?
— ಥಾಣೆ

ಸ್ಯಾಶೆಯನ್ನು ಇವತ್ತೇ ನಿಲ್ಲಿಸಿ, ಡಾಕ್ಟರನ್ನು ಕೇಳದೆ ಮುಂದುವರಿಸಬೇಡಿ. ಒಂದೊಂದರಲ್ಲೂ 60,000 ಯೂನಿಟ್ ಇರುತ್ತದೆ. ಸುಮ್ನೆ ತಿಂಗಳುಗಟ್ಟಲೆ ಕೊಟ್ಟರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟಾಗಬಹುದು.

ಆದರೆ ನಿಮ್ಮ ಆತಂಕ ಸರಿಯಾದದ್ದೇ. ಹುಡುಗಿಯರು ಅತಿ ವೇಗವಾಗಿ ಎತ್ತರ ಆಗುವುದು ಹನ್ನೆರಡರ ಆಸುಪಾಸಿನಲ್ಲಿ. ಆ ಹೊತ್ತಿನ ಎರಡೇ ವರ್ಷದಲ್ಲಿ ಪೂರ್ತಿ ಬೆಳೆದು ನಿಂತಾಗ ಇರಬೇಕಾದ ಮೂಳೆಯ ಸುಮಾರು ಕಾಲುಭಾಗ ಸೇರಿಬಿಡುತ್ತದೆ. ಕೆನಡಾದಲ್ಲಿ ಮಕ್ಕಳನ್ನು ವರ್ಷ ವರ್ಷ ಅಳೆದು ಕಂಡುಕೊಂಡದ್ದು ಇದು. ನಿಮ್ಮ ಮಗಳು ಈಗ ಇರುವುದೇ ಆ ಕಾಲದಲ್ಲಿ, ಮತ್ತು ಇದೇ ಕಾಲದಲ್ಲಿ ಅವಳು ಊಟ ಬಿಡುತ್ತಿದ್ದಾಳೆ. ನನಗೆ ನಿಜವಾಗಿಯೂ ಸಂಕಟ ಆಗುವುದು ಇಲ್ಲಿ.

ಹಾಲು ಬೇಡ ಅಂದರೆ ಮೊಸರು, ಪನೀರ್, ರಾಗಿ ದೋಸೆ ಕೊಡಿ. ಮೀನು ತಿನ್ನುವವರಾದರೆ ಮುಳ್ಳು ಸಮೇತ ಅಗಿಯುವಂಥ ಸಣ್ಣ ಮೀನು ಕೊಡಿ. ಮೂಳೆ ಗಟ್ಟಿಯಾಗಲು ಅದಕ್ಕೆ ಪೆಟ್ಟು ಬೀಳಬೇಕು, ಅಂದರೆ ಜಿಗಿತ, ಓಟ. ಟೆನಿಸ್ ಆಡುವವರ ಆಡುವ ಕೈಯ ಮೂಳೆ ಇನ್ನೊಂದಕ್ಕಿಂತ ದಪ್ಪ ಇರುತ್ತದೆ. ಕಾಂಪೌಂಡಿನಲ್ಲಿ ಹಗ್ಗದಾಟ ಆಡಿದರೂ ಸಾಕು. ಬಿಸಿಲಿಗೆ ಬೆಳಗ್ಗೆ ಏಳು ಗಂಟೆಯ ವಾಕಿಂಗ್ ಲೆಕ್ಕಕ್ಕಿಲ್ಲ, ನೆರಳು ತನಗಿಂತ ಗಿಡ್ಡ ಇರುವ ಹೊತ್ತಿನ ಬಿಸಿಲು ಬೇಕು, ಕಿಟಕಿ ಗಾಜಿನ ಒಳಗೆ ಕೂತರೆ ಅದು ಮೈಗೆ ಸಿಗುವುದಿಲ್ಲ. ಮುಟ್ಟು ಶುರುವಾಗಿ ಆಮೇಲೆ ತಿಂಗಳುಗಟ್ಟಲೆ ನಿಂತಿದ್ದರೆ ತಡ ಮಾಡದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮತ್ತೆ ಅವಳ ಎದುರಿಗೆ ಯಾರೂ, ಅಜ್ಜಿಯೂ ಸೇರಿ, ಅವಳ ಮೈಕಟ್ಟಿನ ಮಾತು ಆಡಬಾರದು.

ನನಗೆ 54. ಊರು ವಿಜಯಪುರದ ಕಡೆ, ಇಲ್ಲಿ ಮೊದಲಿಂದಲೂ ಲೋಡಿಂಗ್ ಕೆಲಸ. ಎರಡೂ ಮಂಡಿ ನೋವು. ನಾನು ಏಳು ತಿಂಗಳಿಗೇ ಹುಟ್ಟಿದವನು, ಬರಗಾಲದ ವರ್ಷ, ಅದಕ್ಕೇ ಹೀಗೆ ಅಂತ ನಮ್ಮವ್ವ ಅಳುತ್ತಾಳೆ.
— ವಾಸ್ಕೊ, ಗೋವಾ

ಅವ್ವನಿಗೆ ಇದನ್ನು ಓದಿ ಹೇಳಿ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್‌ನಲ್ಲಿ 1911ರಿಂದ ನರ್ಸುಗಳು ಪ್ರತಿ ಮಗುವಿನ ಹುಟ್ಟುತೂಕ, ಒಂದು ವರ್ಷದ ತೂಕ ಬರೆದಿಡುತ್ತಿದ್ದರು. ಆ ಮಕ್ಕಳು ಅರವತ್ತು-ಎಪ್ಪತ್ತು ದಾಟಿದ ಮೇಲೆ ಹುಡುಕಿ ಅಳೆದರು. ಒಂದು ವರ್ಷದಲ್ಲಿ ತೂಕ ಕಡಿಮೆ ಇದ್ದವರ ಮೂಳೆಯೂ ಸ್ವಲ್ಪ ಕಡಿಮೆ ತುಂಬಿತ್ತು. ಅದು ಮೂಳೆ ಟೊಳ್ಳಾಗುವ ವಿಷಯ. ಮಂಡಿ ಸವೆಯುವುದು ಬೇರೆ ಕಾಯಿಲೆ. ಅದಕ್ಕೆ ದೊಡ್ಡ ಕಾರಣ ವರ್ಷಗಟ್ಟಲೆ ಭಾರ ಎತ್ತಿದ್ದು, ಕುಕ್ಕರಗಾಲಲ್ಲಿ ಕೂತು ಎದ್ದದ್ದು, ಹಳೆ ಪೆಟ್ಟು, ಮೈತೂಕ. ಅವ್ವನ ತಪ್ಪು ಇದರಲ್ಲಿ ಏನೂ ಇಲ್ಲ.

ತೂಕ ಜಾಸ್ತಿ ಇದ್ದರೆ ಇಳಿಸಿ, ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಭಾರ ತಗ್ಗುತ್ತದೆ. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಚಾಚಿ, ತೊಡೆಯ ಸ್ನಾಯು ಬಿಗಿ ಹಿಡಿದು ಹತ್ತು ಎಣಿಸಿ ನಿಧಾನ ಇಳಿಸಿ, ಆಮೇಲೆ ಇನ್ನೊಂದು ಕಾಲು. ಬೆಳಗ್ಗೆ ಸಂಜೆ ಹತ್ತತ್ತು ಸಲ. ಮೊದಲ ವಾರ ಸ್ವಲ್ಪ ನೋವು ಅನ್ನಿಸಬಹುದು, ಬಿಡಬೇಡಿ. ಮಂಡಿ ಊದಿ ಬಿಸಿಯಾಗಿದ್ದರೆ, ಅಥವಾ ಮಡಚಿದ ಕಾಲು ಸಿಕ್ಕಿಹಾಕಿಕೊಂಡರೆ, ವ್ಯಾಯಾಮ ಬಿಟ್ಟು ಮೊದಲು ಮೂಳೆ ಡಾಕ್ಟರಿಗೆ ತೋರಿಸಿ. ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ದಿನಾ ನುಂಗಬೇಡಿ.