ಕಲ್ಲಿನ ಡಬ್ಬಿ ಮನೆಗೆ ಬಂತು, ರಿಪೋರ್ಟ್ ಎಲ್ಲಿ?

ರಾಜಾಜಿನಗರದಿಂದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪತ್ರ ಉದ್ದವಿದೆ. ಅದರಲ್ಲಿ ಮುಖ್ಯವಾದದ್ದು ಇಷ್ಟು:

"ನನ್ನ ಅತ್ತಿಗೆಗೆ 54 ವರ್ಷ. ಒಂದು ವರ್ಷದಿಂದ ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗುತ್ತಿದ್ದರು. ಸ್ಕ್ಯಾನಿಂಗ್ ಮಾಡಿಸಿದಾಗ ಪಿತ್ತಕೋಶದಲ್ಲಿ ಕಲ್ಲು ಅಂತ ಗೊತ್ತಾಯಿತು. ಹೋದ ತಿಂಗಳು ಆಪರೇಷನ್ ಆಯಿತು. ಕಲ್ಲುಗಳನ್ನು ಡಬ್ಬಿಯಲ್ಲಿ ಹಾಕಿ ಕೊಟ್ಟರು. ತೆಗೆದ ಪಿತ್ತಕೋಶವನ್ನು ಬಯಾಪ್ಸಿಗೆ ಕಳಿಸಿದ್ದೇವೆ ಅಂತ ಬಿಲ್ಲಿನಲ್ಲಿ ಬೇರೆ ದುಡ್ಡು ಸೇರಿಸಿದರು. ಅಣ್ಣ ರೇಗಾಡಿದ. ಇದ್ದದ್ದು ಕಲ್ಲು ತಾನೇ, ಕ್ಯಾನ್ಸರ್ ಪರೀಕ್ಷೆ ಯಾಕೆ? ಬಯಾಪ್ಸಿ ಮಾಡಿಸಿದರೆ ಕಾಯಿಲೆ ಹರಡುತ್ತದೆ ಅಂತ ನೆಂಟರೂ ಹೆದರಿಸಿದರು. ರಿಪೋರ್ಟ್ ತರಲು ಯಾರೂ ಹೋಗಿಲ್ಲ. ಇದೆಲ್ಲ ಆಸ್ಪತ್ರೆಯವರು ದುಡ್ಡು ಮಾಡುವ ದಾರಿ ಅಲ್ವಾ? ನಿಮ್ಮ ಪತ್ರಿಕೆ ಯಾಕೆ ಬರೆಯಲ್ಲ?"

ಬರೆಯುತ್ತೇನೆ ಮೇಡಂ. ಆದರೆ ನಿಮ್ಮ ಅಣ್ಣನಿಗೆ ಹಿಡಿಸುವಂತೆ ಅಲ್ಲ.

ಬಿಲ್ಲಿನ ವಿಷಯದಲ್ಲಿ ಅವರ ಸಿಟ್ಟು ಪೂರ್ತಿ ತಪ್ಪಲ್ಲ. ಹತ್ತಿಗೊಂದು ರೇಟು, ಗ್ಲೌಸಿಗೊಂದು ರೇಟು, ಕೊನೆಗೆ 'ಇತರೆ' ಅಂತ ಒಂದು ಸಾಲು, ಇಂಥ ಬಿಲ್ ನೋಡಿದ ಯಾರಿಗಾದರೂ ಅನುಮಾನ ಬರುತ್ತದೆ. ಕಣ್ಣಿಗೆ ಸರಿಯಾಗಿ ಕಂಡ ಪಿತ್ತಕೋಶವನ್ನೆಲ್ಲ ಲ್ಯಾಬ್‌ಗೆ ಕಳಿಸುವುದು ಬೇಡ ಎನ್ನುವ ಸರ್ಜನ್‌ಗಳೂ ಇದ್ದಾರೆ. ಪಿತ್ತಕೋಶದ ಕ್ಯಾನ್ಸರ್ ಕಡಿಮೆ ಇರುವ ದೇಶಗಳಲ್ಲಿ ಇದರ ಮೇಲೆ ದೊಡ್ಡ ಚರ್ಚೆಯೇ ನಡೆದಿದೆ. ಕಲ್ಲಿಗೆಂದು ತೆಗೆದ ಪಿತ್ತಕೋಶಗಳಲ್ಲಿ ಅನಿರೀಕ್ಷಿತವಾಗಿ ಕ್ಯಾನ್ಸರ್ ಸಿಗುವುದು ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತ ಕಡಿಮೆ, ಅದಕ್ಕಾಗಿ ಎಲ್ಲರ ಕೈಯಲ್ಲೂ ದುಡ್ಡು ಕಟ್ಟಿಸಬೇಕೇ ಎನ್ನುವುದು ಅವರ ಲೆಕ್ಕ. ಸರಿ, ಆ ಕಡೆಯ ಮಾತೂ ಹೇಳಿದ್ದಾಯಿತು.

ನನ್ನ ಲೆಕ್ಕ ಬೇರೆ. ಇಡೀ ಬಿಲ್ಲಿನಲ್ಲಿ ಜಗಳ ಆಡಬಾರದ ಸಾಲು ಒಂದಿದ್ದರೆ ಅದು ಇದೇ.

ಪಿತ್ತಕೋಶ ಅಂದರೆ ಲಿವರ್ ಕೆಳಗೆ ಅಂಟಿಕೊಂಡಿರುವ ಪುಟ್ಟ ಚೀಲ. ಲಿವರ್ ತಯಾರಿಸುವ ಪಿತ್ತರಸವನ್ನು ಹಿಡಿದಿಟ್ಟುಕೊಂಡು, ನಾವು ಬೆಣ್ಣೆ ಮಸಾಲೆ ತಿಂದಾಗ ಕರುಳಿಗೆ ಬಿಡುತ್ತದೆ. ಅದರ ಗೋಡೆ ಬಹಳ ತೆಳು. ಲಿವರ್‌ಗೆ ತಾಗಿಕೊಂಡ ಬದಿಯಲ್ಲಂತೂ ಹೊರಪದರವೇ ಇಲ್ಲ. ಹಾಗಾಗಿ ಅಲ್ಲಿ ಹುಟ್ಟಿದ ಕ್ಯಾನ್ಸರ್‌ಗೆ ಲಿವರ್ ಒಳಗೆ ನುಗ್ಗಲು ದೂರ ಹೋಗಬೇಕಿಲ್ಲ. ಶುರುವಿನಲ್ಲಿ ಏನೂ ಗೊತ್ತಾಗುವುದಿಲ್ಲ. ಗೊತ್ತಾದರೂ ಬಲಗಡೆ ಪಕ್ಕೆಯ ಕೆಳಗೆ ನೋವು, ಹೊಟ್ಟೆ ಉಬ್ಬರ, ವಾಕರಿಕೆ. ಕಲ್ಲಿನ ನೋವೂ ಹೀಗೇ ಇರುತ್ತದೆ. ಕಾಮಾಲೆ, ಮೈ ತುರಿಕೆ, ತೂಕ ಇಳಿಯುವುದು, ಹಸಿವು ಸಾಯುವುದು, ಇವೆಲ್ಲ ಬರುವ ಹೊತ್ತಿಗೆ ಬಹಳಷ್ಟು ಜನರಲ್ಲಿ ಆಪರೇಷನ್ ಮಾಡುವ ಹಂತ ದಾಟಿರುತ್ತದೆ.

ಈ ರೋಗ ಬೇಗ ಸಿಕ್ಕಿಬೀಳುವುದು ಹೆಚ್ಚಾಗಿ ಹೇಗೆ ಗೊತ್ತಾ? ಕಲ್ಲು ಅಂತ ತೆಗೆದ ಪಿತ್ತಕೋಶವನ್ನು ಲ್ಯಾಬ್‌ನಲ್ಲಿ ಯಾರೋ ಒಬ್ಬರು ತಾಳ್ಮೆಯಿಂದ ನೋಡಿದಾಗ. ನಿಮ್ಮ ಅಣ್ಣ ತರಲು ಹೋಗದೆ ಬಿಟ್ಟಿರುವ ಆ ರಿಪೋರ್ಟ್‌ನಲ್ಲಿ.

ಅಲ್ಲಿ ನೋಡುವುದು ಬರೀ ಇದೆಯೋ ಇಲ್ಲವೋ ಎಂದಲ್ಲ, ಎಷ್ಟು ಆಳಕ್ಕೆ ಇಳಿದಿದೆ ಎಂದು. ಒಳಪದರದಲ್ಲೇ ನಿಂತಿದ್ದು, ಚೀಲ ಒಡೆಯದೆ ಪೂರ್ತಿ ಹೊರಬಂದಿದ್ದರೆ, ಆಗಿರುವ ಆಪರೇಷನ್ನೇ ಸಾಮಾನ್ಯವಾಗಿ ಸಾಕು. ಸ್ನಾಯುವಿನ ಪದರ ಮುಟ್ಟಿದ್ದರೆ ಕಥೆ ಬೇರೆ. ಸ್ಕ್ಯಾನ್ ಮಾಡಿ, ಬೇರೆಲ್ಲೂ ಹರಡಿಲ್ಲ ಎಂದು ಖಾತ್ರಿ ಮಾಡಿಕೊಂಡು ಮತ್ತೊಮ್ಮೆ ಆಪರೇಷನ್ ಮಾಡಬೇಕಾಗುತ್ತದೆ. ಪಕ್ಕದ ಲಿವರ್‌ನ ಒಂದು ಭಾಗವನ್ನೂ ಕ್ಯಾನ್ಸರ್ ಮೊದಲು ಹರಡಬಹುದಾದ ಸುತ್ತಲಿನ ದುಗ್ಧ ಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆಯುತ್ತಾರೆ. ಎರಡರ ನಡುವೆ ಇರುವ ಅಂತರ ಒಂದೆರಡು ಮಿಲಿಮೀಟರ್ ಕೂಡ ಇರಲಿಕ್ಕಿಲ್ಲ. ಕಣ್ಣಲ್ಲಿ ನೋಡಿ ಹೇಳುತ್ತೇನೆ ಎನ್ನುವವರಿಗೆ ನನ್ನ ನಮಸ್ಕಾರ.

ನನ್ನ ಚಿಕ್ಕಮ್ಮನಿಗೆ ಕಲ್ಲಿನ ಆಪರೇಷನ್ ಮಾಡಿದ ನರ್ಸಿಂಗ್ ಹೋಂ ಒಂದರಲ್ಲಿ ಪಿತ್ತಕೋಶವನ್ನು ಹಾಗೇ ಕಣ್ಣಲ್ಲಿ ನೋಡಿ ಎಸೆದರು. ಕಲ್ಲುಗಳನ್ನು ಮಾತ್ರ ಚೆನ್ನಾಗಿ ತೊಳೆದು ಕೊಟ್ಟರು. ಅವು ಶೋಕೇಸಿನಲ್ಲಿ ಇದ್ದವು, ಬಂದವರಿಗೆಲ್ಲ ತೋರಿಸುತ್ತಿದ್ದಳು. ಆಮೇಲೆ ಕಾಮಾಲೆ ಬಂತು. ಪಿತ್ತಕೋಶ ಇದ್ದ ಜಾಗದಲ್ಲೇ ಗಡ್ಡೆ. ಮೊದಲ ಆಪರೇಷನ್ ಹೊತ್ತಿಗೇ ಎಷ್ಟು ಬೆಳೆದಿತ್ತು ಎಂದು ಹೊಸ ಡಾಕ್ಟರ್ ಕೇಳಿದರೆ ಹೇಳಲು ನಮ್ಮ ಹತ್ತಿರ ಏನೂ ಇರಲಿಲ್ಲ.

ಬಯಾಪ್ಸಿ ಮಾಡಿದರೆ ಹರಡುತ್ತದೆ ಎನ್ನುವ ನೆಂಟರ ಮಾತಿಗೆ ಬರುತ್ತೇನೆ. ಇದು ಪೂರ್ತಿ ಸುಳ್ಳಲ್ಲ, ಅದಕ್ಕೇ ಇಷ್ಟು ಗಟ್ಟಿಯಾಗಿ ಉಳಿದುಕೊಂಡಿದೆ. ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದಲ್ಲಿ ಗಡ್ಡೆಯ ಅನುಮಾನ ಬಂದು, ಆಪರೇಷನ್ ಮಾಡಿ ತೆಗೆಯಬಹುದು ಅನ್ನಿಸಿದರೆ, ಸರ್ಜನ್‌ಗಳು ಮೊದಲೇ ಸೂಜಿ ಚುಚ್ಚಲು ಹಿಂಜರಿಯುತ್ತಾರೆ. ಕ್ಯಾನ್ಸರ್ ಕಣಗಳು ಹೊಟ್ಟೆಯೊಳಗೆ ಚೆಲ್ಲಬಹುದು ಎಂಬ ಭಯ. ಅಂಥವರನ್ನು ಸಿ.ಟಿ., ಎಂ.ಆರ್.ಐ. ನೋಡಿ ನೇರ ಆಪರೇಷನ್‌ಗೇ ಕರೆದೊಯ್ಯುವುದುಂಟು. ಆಪರೇಷನ್ ಸಾಧ್ಯವಿಲ್ಲ, ಕೀಮೋ ಕೊಡಬೇಕು ಎಂದಾಗ ಮಾತ್ರ ಸೂಜಿ ಹಾಕಿ ಖಚಿತ ಮಾಡಿಕೊಳ್ಳಲೇಬೇಕು. ಆದರೆ ಮೇಡಂ, ನಿಮ್ಮ ಅತ್ತಿಗೆಯ ಪಿತ್ತಕೋಶ ಈಗ ಅವರ ಹೊಟ್ಟೆಯಲ್ಲೇ ಇಲ್ಲ. ಅಂಗ ಕೆಡದಂತೆ ಇಡುವ ಫಾರ್ಮಲಿನ್ ದ್ರವದ ಬಾಟಲಿಗೆ ಹೋಗಿ ತಿಂಗಳಾಯಿತು. ಅಲ್ಲಿಂದ ಎಲ್ಲಿಗೆ ಹರಡುತ್ತದೆ?

ನನಗೊಬ್ಬ ಗೆಳೆಯ ಇದ್ದಾನೆ, ಪೆಥಾಲಜಿಸ್ಟ್, ಅಂದರೆ ದೇಹದಿಂದ ತೆಗೆದ ತುಣುಕನ್ನು ಲ್ಯಾಬ್‌ನಲ್ಲಿ ನೋಡಿ ಕಾಯಿಲೆ ಗುರುತಿಸುವ ಡಾಕ್ಟರ್, ಈಗ ರಿಟೈರ್ಡ್. ಜಯನಗರದ ಪಾರ್ಕಿನಲ್ಲಿ ಒಟ್ಟಿಗೆ ವಾಕಿಂಗ್ ಮಾಡುತ್ತೇವೆ. ಇಡೀ ಜೀವನ ಮೈಕ್ರೋಸ್ಕೋಪ್ ಮೇಲೆ ಬಗ್ಗಿ ಕತ್ತು ಹಿಡಿದುಕೊಂಡಿದೆ. ಸರ್ಜನ್‌ಗೆ ಹಾರ, ಹಣ್ಣಿನ ಬುಟ್ಟಿ, ಸ್ವೀಟ್ ಬಾಕ್ಸ್. ಇವನನ್ನು ಒಬ್ಬ ಪೇಷಂಟೂ ಬಂದು ಮಾತಾಡಿಸಿದ್ದಿಲ್ಲವಂತೆ. "ಜನಕ್ಕೆ ನಾನು ರಕ್ತ ತೆಗೆಯುವವನು ಕಣೋ" ಅಂತ ನಗುತ್ತಾನೆ. ನನಗೆ ನಗು ಬರುವುದಿಲ್ಲ.

1882ರಲ್ಲಿ ಬರ್ಲಿನ್‌ನ ಕಾರ್ಲ್ ಲಾಂಗೆನ್‌ಬುಕ್ ಮೊದಲ ಬಾರಿ ಪಿತ್ತಕೋಶ ತೆಗೆದಾಗ ಅದು ದೊಡ್ಡ ಸಾಹಸ. 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ತೆಹೆಮ್ಟನ್ ಉದ್ವಾಡಿಯಾ ಲ್ಯಾಪ್ರೋಸ್ಕೋಪಿಯಲ್ಲಿ ಮಾಡಿದ ಮೇಲೆ ನಮ್ಮಲ್ಲೂ ಸಣ್ಣ ತೂತಿನ ಆಪರೇಷನ್ ಶುರುವಾಯಿತು. ಈಗ ಬಡಾವಣೆಗೊಂದು ನರ್ಸಿಂಗ್ ಹೋಂನಲ್ಲಿ ನಡೆಯುತ್ತದೆ, ಮರುದಿನವೇ ಮನೆ. ಸುಲಭವಾಗಿದ್ದಕ್ಕೇ ಸಸಾರವಾಗಿದೆ.

ಇನ್ನೊಂದು ಮಾತು ಕೇಳಿರುತ್ತೀರಿ, ಇದು ನಮ್ಮ ಕಡೆಯ ಕಾಯಿಲೆ ಅಲ್ಲ ಅಂತ. ಪಿತ್ತಕೋಶದ ಕ್ಯಾನ್ಸರ್ ಹೆಚ್ಚು ಇರುವುದು ಉತ್ತರ ಪ್ರದೇಶ, ಬಿಹಾರ, ಬಂಗಾಳ, ಅಸ್ಸಾಂ ಕಡೆ, ಹೊರದೇಶದಲ್ಲಿ ಚಿಲಿ. ದಕ್ಷಿಣದಲ್ಲಿ ಕಡಿಮೆ, ನಿಜ. ಆದರೆ ಕಡಿಮೆ ಅಂದರೆ ಇಲ್ಲ ಅಂತಲ್ಲ. ಮತ್ತೆ ನಿಮ್ಮ ಅಪಾರ್ಟ್‌ಮೆಂಟ್ ಕಟ್ಟಿದವರು, ಗೇಟ್ ಕಾಯುವವರು, ಮೇಲಿನ ಮಹಡಿಯ ಸಾಫ್ಟ್‌ವೇರ್ ದಂಪತಿ ಎಲ್ಲಿಂದ ಬಂದವರು? ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಅವರೇ ನೋವನ್ನು ಗ್ಯಾಸ್ಟ್ರಿಕ್ ಅಂತ ಅಡುಗೆಮನೆಯಲ್ಲಿ ನುಂಗಿಕೊಂಡು ಓಡಾಡುವವರು.

ಈ ಗ್ಯಾಸ್ಟ್ರಿಕ್ ಬಗ್ಗೆ ನನಗೆ ವಿಪರೀತ ಕೋಪ ಇದೆ. ಬೆಂಗಳೂರಿನಲ್ಲಿ ಎದೆ ನೋವೂ ಗ್ಯಾಸ್ಟ್ರಿಕ್, ಬೆನ್ನು ನೋವೂ ಗ್ಯಾಸ್ಟ್ರಿಕ್. ಮೆಡಿಕಲ್ ಶಾಪ್ ಹುಡುಗನೇ ಡಾಕ್ಟರ್. ಕಾಮಾಲೆ ಬಂದರೆ ಸೊಪ್ಪಿನ ರಸ ಕುಡಿಸಿ, ಪಥ್ಯ ಹೇಳಿ ವಾರಗಟ್ಟಲೆ ಕೂರಿಸುತ್ತಾರೆ. ಕಣ್ಣು ಹಳದಿ, ಮಲ ಬಿಳಿಚಿದೆ, ಮೈಯೆಲ್ಲ ಕೆರೆತ ಅಂದರೆ ಪಿತ್ತನಾಳ ಕಟ್ಟಿಕೊಂಡಿರಬಹುದು, ಮೊದಲು ಸ್ಕ್ಯಾನಿಂಗ್ ಆಗಬೇಕು. ವಾಟ್ಸಾಪ್‌ನಲ್ಲಿ ಓಡಾಡುವ ಆಲಿವ್ ಎಣ್ಣೆ, ನಿಂಬೆರಸದ ಚಿಕಿತ್ಸೆಯಂತೂ ಕೇಳಬೇಡಿ. ಮರುದಿನ ಹಸಿರು ಕಲ್ಲು ಬಿತ್ತು ಅಂತ ಫೋಟೋ ಹಾಕುತ್ತಾರೆ. ಅಂಥ ಕಲ್ಲುಗಳನ್ನು ಲ್ಯಾಬ್‌ನಲ್ಲಿ ನೋಡಿ 2005ರಲ್ಲೇ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದಿದ್ದಾರೆ. ಅದು ಕಲ್ಲೇ ಅಲ್ಲ, ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸೋಪಿನಂತೆ ಗಟ್ಟಿಯಾದದ್ದು.

ಹಾಗಂತ ಕಲ್ಲಿದ್ದವರೆಲ್ಲ ಹೆದರಿ ಓಡಬೇಕಿಲ್ಲ. ಈ ಕ್ಯಾನ್ಸರ್ ಬಂದ ಹೆಚ್ಚಿನವರಲ್ಲಿ ಕಲ್ಲು ಇರುತ್ತದೆ, ಆದರೆ ಕಲ್ಲಿರುವ ಬಹುಪಾಲು ಜನಕ್ಕೆ ಕ್ಯಾನ್ಸರ್ ಬರುವುದೇ ಇಲ್ಲ. ನೋವಿಲ್ಲದ ಕಲ್ಲನ್ನು ಸಾಮಾನ್ಯವಾಗಿ ಸುಮ್ನೆ ಬಿಡುತ್ತಾರೆ. 3 ಸೆಂಟಿಮೀಟರ್ ದಾಟಿದ ಕಲ್ಲು, 1 ಸೆಂಟಿಮೀಟರ್ ದಾಟಿದ ಪಾಲಿಪ್ (ಒಳಗೋಡೆಯಲ್ಲಿ ಬೆಳೆದ ಗಂಟು), ಸುಣ್ಣಗಟ್ಟಿದ ಗೋಡೆ, ಎಲ್ಲೋ ಒಂದು ಕಡೆ ದಪ್ಪಗಾದ ಗೋಡೆ ಅಂತ ಸ್ಕ್ಯಾನಿಂಗ್‌ನಲ್ಲಿ ಬರೆದಿದ್ದರೆ ಆಗ ಸರ್ಜನ್ ಹತ್ತಿರ ಕೂತು ಮಾತಾಡಬೇಕು.

ತಡವಾಗಿ ಸಿಕ್ಕರೂ ಕೈಚೆಲ್ಲುವ ಕಾಲ ಅಲ್ಲ ಇದು. ಆಪರೇಷನ್ ಆಗದ ರೋಗಿಗಳಿಗೂ ಕೀಮೋದಿಂದ ಆಯಸ್ಸು ಹೆಚ್ಚುತ್ತದೆ ಎಂದು ದೆಹಲಿಯ ಏಮ್ಸ್ ವೈದ್ಯರು 2010ರಲ್ಲೇ ತೋರಿಸಿಕೊಟ್ಟರು. ಅದೇ ವರ್ಷದಿಂದ ಜೆಮ್‌ಸಿಟಾಬಿನ್, ಸಿಸ್‌ಪ್ಲಾಟಿನ್ ಎಂಬ ಎರಡು ಕೀಮೋ ಔಷಧಿಗಳ ಜೋಡಿ ಎಲ್ಲ ಕಡೆ ಬಳಕೆಗೆ ಬಂತು. 2022ರ ನಂತರ ಅದರ ಜೊತೆಗೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಇಮ್ಯುನೋಥೆರಪಿಯೂ ಸೇರಿದೆ, ದುಬಾರಿ ಅನ್ನುವುದು ಬೇರೆ ಮಾತು. ಕಟ್ಟಿಕೊಂಡ ಪಿತ್ತನಾಳಕ್ಕೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಿದರೆ ತುರಿಕೆ, ಕಾಮಾಲೆ ಇಳಿದು ಮನುಷ್ಯ ನಿದ್ದೆ ಮಾಡುತ್ತಾನೆ. ಹೊಸೂರು ರಸ್ತೆಯ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿ ಸಂಸ್ಥೆ 1973ರಿಂದ ಇದೆ. ದುಡ್ಡಿಲ್ಲದವರು ಅಲ್ಲಿಗೆ ಹೋಗಲು ನಾಚಿಕೆ ಪಡಬೇಕಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ತುಂಬಾ ಚುಚ್ಚಿದ್ದು ಬಿಲ್ಲಿನ ಮಾತಲ್ಲ. ಅಣ್ಣ ರೇಗಿದ, ನೆಂಟರು ಹೇಳಿದರು, ನೀವು ಬರೆದಿರಿ. ಅತ್ತಿಗೆ ಏನಂದರು ಎಂದು ಒಂದು ಸಾಲೂ ಇಲ್ಲ. ಹೊಟ್ಟೆ ಅವರದು ತಾನೇ?

ನೀವು ವಿಚಾರವಂತರು, ಇಲ್ಲದಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಅಣ್ಣನನ್ನು ಕಾಯಬೇಡಿ. ಅತ್ತಿಗೆಯನ್ನು ಕರೆದುಕೊಂಡು ಈ ವಾರವೇ ಹೋಗಿ. ಬಿಲ್ ನಂಬರ್ ತೋರಿಸಿದರೆ ರಿಪೋರ್ಟ್ ಕೊಡುತ್ತಾರೆ. ಅದನ್ನು ನನಗೆ ಕಳಿಸಬೇಡಿ, ನಾನು ಡಾಕ್ಟರಲ್ಲ. ಆಪರೇಷನ್ ಮಾಡಿದ ಸರ್ಜನ್ ಮುಂದೆ ಇಟ್ಟು, ಅತ್ತಿಗೆಗೆ ಕೇಳಿಸುವ ಹಾಗೆ ಕನ್ನಡದಲ್ಲಿ ಹೇಳಿ ಅನ್ನಿ. ಏನಾದರೂ ಸಂಶಯದ ಮಾತು ಬಂದರೆ ಪಿತ್ತಕೋಶದ ತುಣುಕುಗಳನ್ನು ಇಟ್ಟಿರುವ ಮೇಣದ ಬ್ಲಾಕ್ ಮತ್ತು ಗಾಜಿನ ಸ್ಲೈಡ್‌ಗಳನ್ನು ಲ್ಯಾಬ್‌ನಿಂದ ಕೇಳಿ ಪಡೆದುಕೊಂಡು ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇನ್ನೊಮ್ಮೆ ತೋರಿಸಿ. ಲ್ಯಾಬ್‌ನವರು ಕೊಡಲು ತಕರಾರು ಮಾಡಿದರೆ ಆಗ ನನಗೆ ಬರೆಯಿರಿ.