ಪ್ರತಿಕ್ರಿಯೆ: 60 ದಿನಗಳ ನೋಟಿಸ್ ಬಂದಿದೆ, ಮನೆ ಹರಾಜಾಗುತ್ತದೆಯೇ?

ಗೃಹಸಾಲದ ನಾಲ್ಕು ಕಂತು ಬಾಕಿಯಾದ ಮೇಲೆ ಬಂದಿರುವ, 60 ದಿನಗಳೊಳಗೆ ಪೂರ್ತಿ ಸಾಲ ಕಟ್ಟಬೇಕೆನ್ನುವ ಆ ಪತ್ರ ಬಹುಶಃ 2002ರ ಸರ್ಫೇಸಿ ಕಾಯ್ದೆಯ (ಅಡವಿಟ್ಟ ಆಸ್ತಿಯಿಂದ ಸಾಲ ವಸೂಲಿ ಮಾಡಲು ಬ್ಯಾಂಕಿಗೆ ಅಧಿಕಾರ ಕೊಡುವ ಕಾನೂನು) 13(2)ನೇ ಕಲಮಿನ ನೋಟಿಸ್. ಬಾಕಿ 90 ದಿನ ಮೀರಿ ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆದ ಬಳಿಕ ಬ್ಯಾಂಕುಗಳು ಇದನ್ನು ಕಳುಹಿಸುತ್ತವೆ. ಪತ್ರವನ್ನು ನಾನು ಕಂಡಿಲ್ಲವಾದ್ದರಿಂದ ಕಲಮಿನ ಸಂಖ್ಯೆಯನ್ನು ಮೊದಲು ನೀವೇ ನೋಡಿಕೊಳ್ಳಿ. ಅದೇ ಆಗಿದ್ದರೆ, ಇದು ಹರಾಜಿನ ನೋಟಿಸ್ ಅಲ್ಲ.

ಲಕೋಟೆಯನ್ನು ಎಸೆಯಬೇಡಿ, ಅದರ ಮೇಲಿನ ಅಂಚೆ ಮುದ್ರೆಯ ದಿನಾಂಕ ಮುಂದೆ ಬೇಕಾಗಬಹುದು. ಸಾಲದ ಖಾತೆಯ ಸ್ಟೇಟ್‌ಮೆಂಟ್ ತರಿಸಿ, ನೀವು ಕಟ್ಟಿದ ಪ್ರತಿ ಕಂತೂ ಜಮೆಯಾಗಿದೆಯೇ ಎಂದು ತಾಳೆ ನೋಡಿ, ಅವಧಿ ಮುಗಿಯುವ ಮುನ್ನ ಲಿಖಿತ ಆಕ್ಷೇಪಣೆ ಸಲ್ಲಿಸಿ. ಅದನ್ನು ಒಪ್ಪದಿದ್ದರೆ ಬ್ಯಾಂಕು 15 ದಿನಗಳಲ್ಲಿ ಕಾರಣ ತಿಳಿಸಲೇಬೇಕು. ನಮ್ಮ ಅಣ್ಣನ ಸಾಲದಲ್ಲಿ ಮ್ಯಾನೇಜರರು ಬಾಯಿಮಾತಿನಲ್ಲಿ ಕೊಟ್ಟ ಭರವಸೆ ಅವರ ವರ್ಗಾವಣೆಯೊಂದಿಗೇ ಹೋಯಿತು. ಆದ್ದರಿಂದ ಆಕ್ಷೇಪಣೆಯ ನಕಲಿನ ಮೇಲೆ ಬ್ಯಾಂಕಿನ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ.

ಬಾಕಿ ಕಂತುಗಳನ್ನು ಬಡ್ಡಿ ಸಹಿತ ಪೂರ್ತಿ ಕಟ್ಟಿದರೆ ಖಾತೆ ಎನ್‌ಪಿಎಯಿಂದ ಹೊರಬರುತ್ತದೆ. ಅರ್ಧ ಕಟ್ಟಿದರೆ ಬರುವುದಿಲ್ಲ. ಅದಕ್ಕಾಗಿ ದಯವಿಟ್ಟು ಮೀಟರ್ ಬಡ್ಡಿಯ ಕೈಸಾಲ ಮಾತ್ರ ಮಾಡಬೇಡಿ.

ಮುಂದೆ ಬ್ಯಾಂಕು ಮನೆಯನ್ನು ವಶಕ್ಕೆ ಪಡೆಯುವ ಸ್ವಾಧೀನದ ನೋಟಿಸ್ ಅಂಟಿಸಿದರೆ, 45 ದಿನಗಳೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ವಕೀಲರ ಮೂಲಕ ಅರ್ಜಿ ಹಾಕಿ.