ಮಗಳ ಪಾಸ್‌ಪೋರ್ಟು, ತಾಯಿಯ ಹೆಸರು

ಎರಡು ವರ್ಷದ ಮಗುವಿನ ಪಾಸ್‌ಪೋರ್ಟಿಗೆ ಇಷ್ಟು ಓಡಾಟವೇ, ಅಷ್ಟಕ್ಕೂ ಹೆರಿಗೆಗೆಂದು ಆಂಧ್ರಕ್ಕೆ ಏಕೆ ಹೋದಿರಿ ಎಂದು ನೀವು ಬೆಂಗಳೂರಿನಿಂದ ಫೋನಿನಲ್ಲಿ ನಗುತ್ತಾ ಕೇಳಿದಿರಿ. ಮೊಳಕಾಲ್ಮೂರಿನಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನಮಗೆ ಜಿಲ್ಲಾ ಕೇಂದ್ರವಾದ ಚಿತ್ರದುರ್ಗಕ್ಕಿಂತ ರಾಯದುರ್ಗವೇ ಹತ್ತಿರ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯನ್ನು ಹಂಚಿದಾಗ ರಾಯದುರ್ಗ ತಾಲ್ಲೂಕು ಆಂಧ್ರಕ್ಕೆ ಹೋಯಿತು. ಹೆಣ್ಣು ಕೊಡುವುದು, ತರುವುದು ಮಾತ್ರ ಹಾಗೆಯೇ ಉಳಿಯಿತು. ನನ್ನ ಹೆಂಡತಿಯ ತವರು ಆ ಕಡೆ. ಚೊಚ್ಚಲ ಹೆರಿಗೆಯೂ ಬಾಣಂತನವೂ ತವರಿನಲ್ಲಿ ಆದವು ಎಂಬುದಕ್ಕೆ ಕಾರಣ ಬೇಕೇ?

ಮಗಳು ಆಂಧ್ರದಲ್ಲಿ ಹುಟ್ಟಿದ್ದೇ ತೊಡಕು ಎಂದು ನೀವು ಭಾವಿಸಿದಂತಿದೆ. ನಮ್ಮ ದೇಶದಲ್ಲಿ ರಾಜ್ಯಕ್ಕೊಂದು ಪೌರತ್ವವಿಲ್ಲ. ಆದರೆ 2004ರ ಡಿಸೆಂಬರ್ 3ರಿಂದೀಚೆಗೆ ಭಾರತದ ನೆಲದಲ್ಲಿ ಹುಟ್ಟಿದರಷ್ಟೇ ಸಾಲದು. ತಂದೆ ತಾಯಿ ಇಬ್ಬರೂ ಭಾರತದ ಪ್ರಜೆಗಳಾಗಿರಬೇಕು, ಇಲ್ಲವೇ ಒಬ್ಬರು ಪ್ರಜೆಯಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಹೀಗಾಗಿ ಮಗುವಿನ ಪೌರತ್ವ ಎಂಬುದು ನಮ್ಮಿಬ್ಬರ ಕಾಗದಪತ್ರಗಳಲ್ಲಿದೆ, ಆ ಕಾಗದಗಳಿಗೂ ಮಗುವಿಗೂ ಗಂಟು ಹಾಕುವುದು ಜನನ ಪ್ರಮಾಣಪತ್ರ. 2023ರ ಅಕ್ಟೋಬರ್ 1ರಂದು ಅಥವಾ ಅನಂತರ ಹುಟ್ಟಿದವರಿಗೆ ಜನ್ಮದಿನಾಂಕದ ಪುರಾವೆಯಾಗಿಯೂ ಅದೊಂದೇ ನಡೆಯುತ್ತದೆ. ನಮ್ಮ ಮಗಳು ಹುಟ್ಟಿದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಆಧಾರ್ ಇದೆಯಲ್ಲ ಎನ್ನಬೇಡಿ, ಅದು ಪೌರತ್ವದ ಪುರಾವೆಯಲ್ಲ.

ಗಂಟು ಬಿದ್ದಿರುವುದು ನನ್ನ ಹೆಂಡತಿಯ ಹೆಸರಿನಲ್ಲಿ. ಅವಳ ತವರಿನಲ್ಲಿ ಇಂಟಿಪೇರು, ಅಂದರೆ ಮನೆತನದ ಹೆಸರು, ಮೊದಲು ಬರುತ್ತದೆ. ಅವಳು ಓದಿದ ಶಾಲೆಯ ಅಂಕಪಟ್ಟಿಯಲ್ಲಿ ಹಾಗೆಯೇ ಇದೆ. ಮದುವೆಯಾಗಿ ಬಂದ ಮೇಲೆ ಇಲ್ಲಿ ಆಧಾರ್ ತಿದ್ದಿಸುವಾಗ ಇಂಟಿಪೇರು ಬಿಟ್ಟು, ಅವಳ ಹೆಸರಿನ ನಂತರ ನನ್ನ ಹೆಸರನ್ನು ಸೇರಿಸಿದೆವು. ಹೆರಿಗೆಯ ದಿನ ಆಸ್ಪತ್ರೆಯಲ್ಲಿ ನಮ್ಮ ಅತ್ತೆಯವರು ಬಾಯಿಗೆ ರೂಢಿಯಾದಂತೆ ಇಂಟಿಪೇರು ಸೇರಿಸಿಯೇ ಬರೆಸಿದರು. ಸಾಲದ್ದಕ್ಕೆ ಹೆಸರಿನ ಕೊನೆಯ ‘ತ’ ಅಕ್ಷರಕ್ಕೆ ಇಂಗ್ಲಿಷಿನಲ್ಲಿ ಒಂದು ಕಾಗದದಲ್ಲಿ ಬರೀ ‘ಟಿ’ ಇದೆ, ಇನ್ನೊಂದರಲ್ಲಿ ‘ಟಿ’ಯ ಪಕ್ಕ ‘ಎಚ್’ ಇದೆ. ಪಾಸ್‌ಪೋರ್ಟ್ ಕೌಂಟರಿನಲ್ಲಿದ್ದವರು ಎರಡೂ ಹಾಳೆಗಳನ್ನು ಒಂದರ ಪಕ್ಕ ಒಂದಿಟ್ಟು, ಪೆನ್ನಿನ ತುದಿಯನ್ನು ಆ ‘ಎಚ್’ ಕೆಳಗೆ ಊರಿ, ‘ಇವರೇ ಅವರು ಅಂತ ಹೇಗೆ ಒಪ್ಪೋದು?’ ಎಂದು ಕೇಳಿದರು. ಇವಳೂ ಅವಳೂ ಆದವಳು ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಅವರೆದುರಿಗೇ ನಿಂತಿದ್ದಳು.

ತಿದ್ದಿಸಿಕೊಂಡು ಬನ್ನಿ ಎಂದರು. ಜನನ ನೋಂದಣಿಯಾದ ಕಡೆಯೇ ತಿದ್ದುಪಡಿಯೂ ಆಗಬೇಕಾದ್ದರಿಂದ ಗಡಿ ದಾಟಿ ಹೋದರೆ, ಅಲ್ಲಿಯವರು ತಾಯಿಯ ಗುರುತಿನ ಚೀಟಿ ಕೇಳಿದರು. ಆಧಾರ್ ಕೊಟ್ಟರೆ, ಅಂಕಪಟ್ಟಿಯಲ್ಲಿ ಬೇರೆಯೇ ಇದೆಯಲ್ಲ ಎಂದರು. ನೋಟರಿಯ ಅಫಿಡವಿಟ್ಟು ಮಾಡಿಸಿ ಮತ್ತೆ ಹೋದಾಗ, ಛಾಪಾ ಕಾಗದವನ್ನು ತಿರುವಿ ನೋಡಿ ‘ಮೀದಿ ಕರ್ನಾಟಕ ಕದಾ’, ನಿಮ್ಮದು ಕರ್ನಾಟಕ ಅಲ್ಲವೇ, ಎಂದರು. ಈ ಕಡೆ ಬಂದರೆ ಪ್ರಮಾಣಪತ್ರದಲ್ಲಿರುವ ತೆಲುಗು ಅಕ್ಷರ ಕಂಡು ‘ನೀವು ಆಂಧ್ರದವರಾ?’ ಎನ್ನುತ್ತಾರೆ. ನಾಲ್ಕು ತಲೆಮಾರಿನಿಂದ ಇಲ್ಲೇ ರೇಷ್ಮೆ ಸೀರೆ ನೇಯ್ದ ಮನೆ ನಮ್ಮದು. ಮಗ್ಗದ ಮುಂದೆ ಕನ್ನಡ, ಸಂತೆಯಲ್ಲಿ ತೆಲುಗು, ಬೈಯುವಾಗ ಎರಡೂ.

ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಅದನ್ನು ಬರೆದ ಚಪಡನು ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು, ತಾನು ಲಿಪಿಕಾರ ಎಂಬ ಕೊನೆಯ ಮಾತನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಒಂದೇ ಕಾಗದದಲ್ಲಿ ಎರಡು ಲಿಪಿ ಏಕೆ, ತಿದ್ದಿಸಿಕೊಂಡು ಬಾ ಎಂದು ಅವನನ್ನು ಯಾರೂ ವಾಪಸ್ಸು ಕಳಿಸಿದಂತಿಲ್ಲ.

ಈಗ ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡು, ಮದುವೆ ನೋಂದಣಿಯ ಪತ್ರ, ಹೊಸ ಅಫಿಡವಿಟ್ಟು ಎಲ್ಲವನ್ನೂ ಜೆರಾಕ್ಸ್ ಮಾಡಿಸಿ ಇಟ್ಟಿದ್ದೇನೆ, ಸೋಮವಾರ ಮತ್ತೆ ಗಡಿಯಾಚೆಗೆ ಹೋಗಬೇಕು. ಅದು ಮುಗಿದರೆ ಉಳಿಯುವುದು ಅಪ್ರಾಪ್ತರ ಅರ್ಜಿಯ ಜೊತೆಗಿಡುವ ಅನುಬಂಧ ‘ಡಿ’. ಅದಕ್ಕೆ ತಂದೆ ತಾಯಿ ಇಬ್ಬರೂ ಸಹಿ ಹಾಕಬೇಕು. ನಿನ್ನೆ ರಾತ್ರಿ ಅದನ್ನು ಮುಂದಿಟ್ಟಾಗ ನನ್ನ ಹೆಂಡತಿ ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತಳು, ಆಮೇಲೆ ಕೇಳಿದಳು: ‘ಯಾವ ಹೆಸರು ಹಾಕಲಿ?’